ನಡುಗುವ ಕೈಗೊಂದು ಸೋಪಿನ ಡಬ್ಬಿ

ನನ್ನ ಮೇಜಿನ ಮೇಲೆ ಒಂದು ಹಸಿರು ಸೋಪಿನ ಡಬ್ಬಿ ಇದೆ. ಊರಿಗೆ ಹೋಗುವಾಗ ಚೀಲದ ಮೂಲೆಗೆ ತುರುಕಿಕೊಳ್ಳುತ್ತೇವಲ್ಲ, ಅಂಥದ್ದು. ಅದರ ಒಂದು ಕಡೆಯಿಂದ ವೈರೊಂದು ಹೊರಟು ಮೌಸಿಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಹೊರಟಿದ್ದು ಕಂಪ್ಯೂಟರಿಗೆ ಹೋಗುತ್ತದೆ. ಲಗ್ನಪತ್ರಿಕೆ ಮಾಡಿಸಲು ಬಂದವರು ಹುಡುಗಿಯ ಹೆಸರು ಹೇಳುವುದಕ್ಕೂ ಮುಂಚೆ ಇದೇನು ಅಂತ ಕೇಳುತ್ತಾರೆ. ಸೋಪಿನ ಡಬ್ಬಿ ಎನ್ನುತ್ತೇನೆ. ಕಂಪ್ಯೂಟರಿಗೆ ಯಾಕೆ ಸಿಕ್ಕಿಸಿದ್ದೀರಿ ಎನ್ನುತ್ತಾರೆ. ಕೈ ತೊಳೆಯೋಕೆ ಎನ್ನುತ್ತೇನೆ. ನನಗೆ ಮೊದಲಿಂದಲೂ ಬಾಯಿ ಸ್ವಲ್ಪ ಜಾಸ್ತಿ.

ನೀವು ಓದುವವರು, ನಿಮ್ಮ ಹತ್ತಿರ ಮುಚ್ಚುಮರೆ ಬೇಡ. ನನ್ನ ಕೈ ನಡುಗುತ್ತದೆ. ಭಯಕ್ಕಲ್ಲ, ಚಳಿಗಲ್ಲ, ಯಾರ ಮೇಲಿನ ಸಿಟ್ಟಿಗೂ ಅಲ್ಲ; ಸಿಟ್ಟು ಬಂದಾಗ ಇನ್ನೂ ಚೆನ್ನಾಗಿ ನಡುಗುತ್ತದೆ ಎನ್ನುವುದು ಬೇರೆ ಮಾತು. ಮಂಡ್ಯದ ಡಾಕ್ಟರು ನೋಡಿ, ಇದು ವಂಶದಲ್ಲಿ ಬಂದದ್ದು, ಪ್ರಾಣಕ್ಕೇನೂ ತೊಂದರೆಯಿಲ್ಲ, ಹೊಂದಿಕೊಂಡು ಹೋಗಿ ಎಂದರು. ಹೊಂದಿಕೊಂಡೆ. ಕಾಫಿಯನ್ನು ಅರ್ಧ ಲೋಟ ಮಾತ್ರ ಹಾಕಿಸಿಕೊಳ್ಳುತ್ತೇನೆ. ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಿದ್ದೇನೆ. ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿ ನಾನು ಇಟ್ಟ ಕುಂಕುಮ ಎದುರಿಗಿನ ಹೆಂಗಸಿನ ಹುಬ್ಬಿನವರೆಗೂ ಹೋಗಿದ್ದುಂಟು. ಆದರೆ ಹೊಟ್ಟೆಪಾಡಿನ ಕೆಲಸ? ಅದಕ್ಕೂ ಮೀರಿ, ನಾನು ನಾನೇ ಅನ್ನಿಸುವುದು ಯಾವ ಕೆಲಸದಲ್ಲೋ ಆ ಕೆಲಸ? ಅದನ್ನು ಬಿಡು ಎಂದರೆ ಹೇಗೆ ಹೊಂದಿಕೊಳ್ಳಲಿ, ನೀವೇ ಹೇಳಿ.

ಮದ್ದೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯ ಪ್ರೆಸ್ಸಿನಲ್ಲಿ ನಾನು ಲಗ್ನಪತ್ರಿಕೆ ಬರೆಯುವವಳು. ಟೈಪು ಮಾಡುವುದಲ್ಲ, ಬರೆಯುವುದು. ಗಂಡು ಹೆಣ್ಣಿನ ಹೆಸರುಗಳನ್ನು ಒಂದೊಂದು ಮದುವೆಗೆ ಒಂದೊಂದು ಥರ, ಮೌಸು ಹಿಡಿದು ಗೆರೆ ಎಳೆದು ಮಾಡುತ್ತೇನೆ. ಈ ಸೀಮೆಯಲ್ಲಿ ಎಷ್ಟೋ ಮನೆಯ ಗೋಡೆಗಳಲ್ಲಿ ನನ್ನ ಅಕ್ಷರಕ್ಕೆ ಫ್ರೇಮು ಹಾಕಿಸಿ ತೂಗುಹಾಕಿದ್ದಾರೆ. ಆ ಗಂಡ ಹೆಂಡಿರು ಜಗಳವಾಡುವಾಗಲೂ ಹಿಂದೆ ನನ್ನ ಅಕ್ಷರ ಇರುತ್ತದೆ.

ನಮ್ಮ ಪ್ರೆಸ್ಸಿನ ಯಜಮಾನರು ಶಿವಣ್ಣ. ಒಳ್ಳೆಯವರು. ಅವರ ಒಳ್ಳೆಯತನವೇ ನನಗೆ ದೊಡ್ಡ ಕಾಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರು ಒಂದು ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಕೂತು, ದನಿ ಇಳಿಸಿ ಹೇಳಿದರು:

"ಲಕ್ಷ್ಮಮ್ಮೋರೇ, ಯಾಕೋ ಕೈ ನಡುಗ್ತದಲ್ಲ. ಸ್ವಲ್ಪ ದಿನ ರೆಸ್ಟ್ ಕೊಡಿ. ಮುಂದಿನ ತಿಂಗ್ಳಿಂದ ಡಿಸೈನಿಗೆ ಇನ್ನೊಬ್ರನ್ನ ನೋಡಿದೀನಿ. ನೀವು ಕೌಂಟರ್‌ನಲ್ಲಿ ಕೂತ್ಕೊಂಡು ಫೋನ್ ತಗೊಳ್ಳಿ, ಆರಾಮಾಗಿ."

ಆ 'ಆರಾಮಾಗಿ' ಎನ್ನುವ ಮಾತಿಗೆ ಮೈಯೆಲ್ಲ ಉರಿಯಿತು. ಕಬ್ಬಿನ ಕಾಲದಲ್ಲಿ ಭಾರತೀನಗರದ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರು ಈ ರಸ್ತೆಗೆ ನುಗ್ಗಿದರೆ ನಮ್ಮ ಅಂಗಡಿಯ ಷಟರಿನಿಂದ ಹಿಡಿದು ಗೋಡೆಯ ದೇವರ ಪಟದವರೆಗೂ ಎಲ್ಲ ನಡುಗುತ್ತದೆ. ಅದಕ್ಕೆ ಯಾರೂ ರೆಸ್ಟ್ ತಗೋ ಎನ್ನುವುದಿಲ್ಲ. ನನಗೆ ಮಾತ್ರವೇ?

"ಕೌಂಟರಿಗೆ ಹೋಗೋಲ್ಲ," ಎಂದೆ.

"ನಿಮ್ ಒಳ್ಳೇದಕ್ಕೇ ಹೇಳಿದ್ದು."

"ನನ್ನ ಒಳ್ಳೇದು ನನಗೆ ಗೊತ್ತಿದೆ ಬಿಡಿ."

ಇಷ್ಟು ಹೇಳಿ ಮೌಸಿಗೆ ಕೈ ಹಾಕಿದೆ. ಪರದೆಯ ಮೇಲಿನ ಬಾಣ ಸಿಟ್ಟಿಗೆ ಗಡಗಡ ನಡುಗಿ, ಯಾವುದೋ ವರನ ಹೆಸರಿಗೆ ಗಡ್ಡ ಮೂಡಿತು.

ಈ ನಡುಕ ನನಗೆ ಬಂದದ್ದು ಅಪ್ಪನಿಂದ. ಬಸರಾಳಿನಾಚೆ ನಮ್ಮೂರು. ಅಲ್ಲಿನ ಸಣ್ಣ ರಾಮದೇವರ ಗುಡಿಗೆ ಅಪ್ಪ ಅರ್ಚಕರು. ಮಂಗಳಾರತಿಯ ಹೊತ್ತಿಗೆ ಘಂಟೆ ಬಾರಿಸುವುದರಲ್ಲಿ ಅಪ್ಪನನ್ನು ಮೀರಿಸಿದವರಿಲ್ಲ. ಕೈಯಲ್ಲಿ ಹಿಡಿದುಕೊಂಡರೆ ಸಾಕಿತ್ತು, ಅದೇ ಬಾರಿಸಿಕೊಳ್ಳುತ್ತಿತ್ತು. ಕಷ್ಟವಿದ್ದದ್ದು ತೀರ್ಥ ಕೊಡುವುದರಲ್ಲಿ. ಉದ್ಧರಣೆಯ ತುದಿ ಎಡಕ್ಕೂ ಬಲಕ್ಕೂ ಓಲಾಡುತ್ತಿತ್ತು. ಆದರೆ ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ ಎಂದರೆ ನಂಬುತ್ತೀರಾ? ನಮ್ಮೂರಿನವರಿಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ಉದ್ಧರಣೆ ಎಡಕ್ಕೆ ಹೋದರೆ ಅವರ ಅಂಗೈಯೂ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಬಂದರೆ ಬಲಕ್ಕೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಮುದುಕರು, ಗೌಡರು, ಸೊಂಟದ ಮೇಲಿನ ಕೂಸು, ಎಲ್ಲರೂ ಅಪ್ಪನ ಮುಂದೆ ಅಂಗೈ ಅಲ್ಲಾಡಿಸಿಕೊಂಡು ತೀರ್ಥ ತೆಗೆದುಕೊಳ್ಳುತ್ತಿದ್ದರು. ತೀರ್ಥ ತೆಗೆದುಕೊಳ್ಳುವ ಕ್ರಮವೇ ಹಾಗೆ ಎಂದು ನಾನು ತಿಳಿದಿದ್ದೆ.

ಅದು ಕ್ರಮವಲ್ಲ ಎಂದು ಗೊತ್ತಾದದ್ದು ಮದುವೆಯಾಗಿ ಮದ್ದೂರಿಗೆ ಬಂದ ಮೇಲೆ. ಹೊಸ ಸೊಸೆಯನ್ನು ಅತ್ತೆ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಅರ್ಚಕರ ಕೈ ಕಂಬದ ಹಾಗೆ ನೆಟ್ಟಗಿತ್ತು. ನಾನು ಭಕ್ತಿಯಿಂದ ಅಂಗೈ ಎಡಕ್ಕೂ ಬಲಕ್ಕೂ ಆಡಿಸಿದೆ. ತೀರ್ಥವೆಲ್ಲ ಧಾರೆಸೀರೆಯ ಸೆರಗಿನ ಮೇಲೆ.

"ಇದೇನಮ್ಮಾ, ನಿಮ್ಮೂರಲ್ಲಿ ತೀರ್ಥ ಹಿಡಿಯೋದೂ ಕಲಿಸಿಲ್ಲವೇ?" ಎಂದರು ಅತ್ತೆ.

ನಮ್ಮೂರಲ್ಲಿ ಕಲಿಸಿದ್ದನ್ನು ನಿಮ್ಮೂರಿನವರು ಏಳು ಜನ್ಮಕ್ಕೂ ಕಲಿಯಲಾರರು ಎಂದು ಹೇಳಬೇಕೆನ್ನಿಸಿತು. ಹೊಸ ಸೊಸೆ, ಸೆರಗು ಹಿಂಡಿಕೊಂಡೆ. ಆಮೇಲೆ ಅದನ್ನೆಲ್ಲ ಬಡ್ಡಿ ಸಮೇತ ಆಡಿದ್ದೇನೆ.

ಅಪ್ಪನ ಕಥೆ ಮುಗಿದದ್ದು ಒಂದು ರಾಮನವಮಿಯ ದಿನ. ಊರಿನವರ ನೆಂಟರೊಬ್ಬರು, ಮಂಡ್ಯದ ಕಡೆಯ ದೊಡ್ಡ ಮನುಷ್ಯರು, ಗರಿಗರಿ ಜುಬ್ಬ ಹಾಕಿಕೊಂಡು ಬಂದು ಅಂಗೈಯನ್ನು ಕಲ್ಲಿನ ಹಾಗೆ ಹಿಡಿದರು. ತೀರ್ಥ ಅಂಗೈಗೆ ಬೀಳದೆ ಅವರ ಜುಬ್ಬದ ತೋಳಿನೊಳಗೆ ಇಳಿಯಿತು. ಅವರೂ ಬೈಯಲಿಲ್ಲ. "ಪಾಪ, ಐನೋರಿಗೆ ವಿಶ್ರಾಂತಿ ಕೊಡ್ರಪ್ಪ" ಎಂದರು. ಆ ಪಾಪ ಎನ್ನುವ ಮಾತು ಊರಿಡೀ ಸುತ್ತಿತು. ಯುಗಾದಿಯಿಂದ ಯುಗಾದಿಗೆ ಕೈ ಆಡಿಸಿ ತೀರ್ಥ ಕುಡಿದವರಿಗೆಲ್ಲ ಅಪ್ಪನ ಕೈ ನಡುಗುವುದು ಅವತ್ತೇ ಕಂಡಿತು. ಚಿಕ್ಕಪ್ಪ ಪೂಜೆಗೆ ನಿಂತರು. ಅಪ್ಪ ಉದ್ಧರಣೆಯನ್ನು ತಮ್ಮನ ಕೈಗಿಟ್ಟು ಬಂದು ಜಗುಲಿಯ ಮೇಲೆ ಕೂತರು. ಗುಡಿಗೆ ಹೂವಾದರೂ ಕಟ್ಟಿಕೊಡುತ್ತೇನೆಂದದ್ದಕ್ಕೂ ಊರವರು ಬೇಡ ಎಂದರಂತೆ. ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪ್ರೀತಿಯೂ ಇದೆ, ಅದು ಬೇರೆ. ಆದರೆ ಸಿಟ್ಟೇ ಮುಂದೆ ಬರುತ್ತದೆ. ಆಗೋಲ್ಲ, ಕೊಡೋಲ್ಲ ಎಂದು ಒಂದು ಸಲವಾದರೂ ಕೂಗಬಾರದಿತ್ತೇ?

ಇರಲಿ, ನನ್ನ ಕಥೆಗೆ ಬರೋಣ. ಶಿವಣ್ಣನವರಿಗೆ ಉತ್ತರ ಕೊಟ್ಟ ವಾರವೇ ಕೊಕ್ಕರೆ ಬೆಳ್ಳೂರಿನಿಂದ ಚಿಕ್ಕತಾಯಮ್ಮ ಎನ್ನುವ ಅಜ್ಜಿ ಮೊಮ್ಮಗಳ ಲಗ್ನಪತ್ರಿಕೆಗೆ ಬಂದರು. ಮೇಲೆ ಗಣಪತಿ ಇರಲಿ, ಕೆಳಗೆ ಮಾತ್ರ ಕೊಕ್ಕರೆ ಬೇಕು ಎಂದರು. ನನ್ನ ಕೈಗೆ ತೊಂದರೆ ಕೊಡಬಾರದೆಂದು ಶಿವಣ್ಣನವರೇ ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಕೊಕ್ಕರೆ ತೆಗೆದು ತೋರಿಸಿದರು. ಅಜ್ಜಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

"ಇದ್ಯಾವ್ ಕೊಕ್ಕರೆ ಸಿವಣ್ಣ? ನಮ್ಮೂರ್ದಲ್ಲ ಇದು. ಕೊಕ್ಕು ಕೆಂಪ್ಗದೆ. ನಮ್ಮೋವು ಅಳದಿ ಕೊಕ್ಕು."

"ಬಣ್ಣ ಚೇಂಜ್ ಮಾಡ್ತೀವಿ ಬಿಡಜ್ಜಿ."

"ಬಾಯ್ನಾಗೆ ಅದೇನ್ ಗಂಟು?" ಎಂದು ಇನ್ನಷ್ಟು ಬಗ್ಗಿದ ಅಜ್ಜಿ ಹೌಹಾರಿ ಹಿಂದೆ ಸರಿದರು. "ಅಯ್ಯೋ ನಿನ್ ಮನೆ ಕಾಯ್ವೋಗ! ಗಂಟ್ನಾಗೆ ಕೂಸದಲ್ಲೋ! ಲಗ್ನಪತ್ರಿಕೇಲಿ ಕೂಸ್ ಆಕುಸ್ತೀಯಲ್ಲ, ಬೀಗ್ರು ಓದ್ಬುಟ್ಟು ಏನಂದಾರು?"

ಶಿವಣ್ಣನವರ ಮುಖ ನೋಡುವ ಹಾಗಿತ್ತು. ಗಂಟಿನಲ್ಲಿ ಮಗು ತರುವ ಪರದೇಶದ ಕೊಕ್ಕರೆ ಅದು. ಗಂಟಿನಲ್ಲಿ ಹಣ್ಣುಕಾಯಿ ಇದೆ ಅಂತ ಅವರು ತಿಳಿದಿದ್ದರಂತೆ. ನಾನು ನಕ್ಕು ನಕ್ಕು ಸುಧಾರಿಸಿಕೊಳ್ಳುವಷ್ಟರಲ್ಲಿ ಅಜ್ಜಿ ನನ್ನ ಕಡೆ ತಿರುಗಿದ್ದರು.

"ನೋಡವ್ವ, ಅವು ನಮ್ಮೂರ್ಗೆ ಬಾಣಂತನಕ್ಕೆ ಬರೋ ಎಣ್ಮಕ್ಳು. ಮದ್ವೆಯಾಗ್ ಓದೋಳು ಮತ್ತೆ ತವರ್ಗೆ ಬರ್ಬೇಕು, ಅದ್ಕೇಯ ಕೊಕ್ಕರೆ ಅಂದಿದ್ದು. ನೀನೇ ಬರ್ಕೊಡು. ನಮ್ಮನೆ ಉಣಸೆಮರದ ಮ್ಯಾಲ್ ಕೂತದಲ್ಲ, ಅಂಗೇ ಇರ್ಬೇಕು."

ಬರೆದುಕೊಡುತ್ತೇನೆ ಎಂದೆ. ಅಜ್ಜಿ ಹೋದ ಮೇಲೆ ಶಿವಣ್ಣನವರಿಗೂ ಹೇಳಿದೆ: ಈ ಕೊಕ್ಕರೆ ಅಜ್ಜಿಗೆ ಒಪ್ಪಿಗೆಯಾಗದಿದ್ದರೆ ನಾನೇ ಎದ್ದು ಕೌಂಟರಿಗೆ ಹೋಗುತ್ತೇನೆ, ಒಪ್ಪಿಗೆಯಾದರೆ ಈ ಕುರ್ಚಿಯ ಮಾತು ಇನ್ನು ಎತ್ತಬಾರದು. ಅವರು ಪಾಪ ಎನ್ನುವ ಮುಖದಲ್ಲೇ ಒಪ್ಪಿದರು. ನನಗೆ ಅಪ್ಪ ನೆನಪಾಗಿ ಇನ್ನಷ್ಟು ಹಠ ಬಂತು.

ಹಠ ಬಂದರೆ ಕೈ ನಿಲ್ಲುತ್ತದೆಯೇ? ಮಣಿಕಟ್ಟಿಗೆ ಅಕ್ಕಿಚೀಲ ಕಟ್ಟಿ ನೋಡಿದೆ. ಎಡಗೈಯಲ್ಲಿ ಬಲಗೈ ಹಿಡಿದು ನೋಡಿದೆ. ಎರಡೂ ಸೇರಿ ನಡುಗಿದವು. ಆಗ ನೆನಪಾದದ್ದು ನನ್ನ ಡಿಪ್ಲೊಮಾ. ಹೌದು ಸ್ವಾಮಿ, ನಾನು ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಅದರಿಂದ ಅಲ್ಲಿಯವರೆಗೆ ಆಗಿದ್ದ ಉಪಯೋಗವೆಂದರೆ ಮನೆಯಲ್ಲಿ ಫ್ಯೂಸು ಹೋದಾಗ ಎಲ್ಲರೂ ನನ್ನ ಮುಖ ನೋಡುವುದು. ಮೌಸಿಗೂ ಕಂಪ್ಯೂಟರಿಗೂ ನಡುವೆ ಏನಾದರೂ ಒಂದನ್ನು ಕೂರಿಸಿ, ಕೈಯ ನಡುಕವನ್ನು ಅಲ್ಲೇ ತಡೆದು, ಗೆರೆಯನ್ನು ಮಾತ್ರ ಮುಂದಕ್ಕೆ ಬಿಡಬಾರದೇಕೆ?

ಮೈಕ್ರೊಕಂಟ್ರೋಲರ್ ಎಂದು ಸಿಗುತ್ತದೆ, ಬಿಸ್ಕತ್ತಿನಷ್ಟು ಚಿಕ್ಕ ಹಲಗೆ. ಹೇಳಿದಂತೆ ಕೇಳುತ್ತದೆ, ಹೇಳುವುದು ನಮಗೆ ಗೊತ್ತಿದ್ದರೆ. ತೊಡಕು ಏನೆಂದರೆ ಮೌಸು ತಾನಾಗಿ ಯಾರ ಹತ್ತಿರವೂ ಮಾತಾಡುವುದಿಲ್ಲ. ಯಜಮಾನ ಕೇಳಬೇಕು, ಆಗ ಅದು ಬಾಯಿ ಬಿಡುತ್ತದೆ. ಕಂಪ್ಯೂಟರು ಅಂಥ ಯಜಮಾನ; ಆ ಯಜಮಾನಿಕೆಗೆ ಹೋಸ್ಟ್ ಎನ್ನುತ್ತಾರೆ. ನಡುವೆ ಕೂರುವ ನನ್ನ ಹಲಗೆ ಮೌಸಿನ ಮುಂದೆ ಯಜಮಾನನಾಗಬೇಕು, ಕಂಪ್ಯೂಟರಿನ ಮುಂದೆ ತಾನೇ ಮೌಸಿನ ಹಾಗೆ ನಟಿಸಬೇಕು. ಇದು ನನಗೆ ಹೊಸದಲ್ಲ. ನಮ್ಮಮ್ಮ ಒಂದೇ ಅಡುಗೆಮನೆಯಲ್ಲಿ ಅಜ್ಜಿಯ ಮುಂದೆ ಸೊಸೆಯಾಗಿ, ಅತ್ತಿಗೆಯ ಮುಂದೆ ಅತ್ತೆಯಾಗಿ ಇದ್ದವಳು. ಅಜ್ಜಿಯ ಬೈಗುಳದಲ್ಲಿ ಸಾರವನ್ನಷ್ಟೇ ಅತ್ತಿಗೆಗೆ ದಾಟಿಸಿ, ಅತ್ತಿಗೆಯ ಗೊಣಗಾಟವನ್ನು ಸೋಸಿ ಅಜ್ಜಿಗೆ ಹೇಳುತ್ತಿದ್ದಳು. ಆ ಮನೆ ನಿಂತದ್ದೇ ಹಾಗೆ.

ಪ್ರೋಗ್ರಾಮು ನಾನು ಬರೆದೆ. ಬೆಸುಗೆ ಹಾಕಲು ಈ ಕೈಗೆ ಆಗದು, ಅದಕ್ಕೆ ಪಕ್ಕದ ಅಂಗಡಿಯ ಪುಟ್ಟಸ್ವಾಮಿ. ಮಳವಳ್ಳಿ ಕಡೆಯವನು, ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಕಟ್ಟುವವನು.

"ಅಲ್ಲ ಕಣಕ್ಕ, ಇರೋ ಇಲಿ ಸಾಲ್ದು ಅಂತ ನಡುವೆ ಇನ್ನೊಂದ್ ಇಲಿ ಕಟ್ತಿದ್ದೀರಾ?"

"ಕಟ್ಟೋ ಕೆಲಸ ನಂದು, ಬೆಸೆಯೋದು ನಿಂದು. ಬಾಯಿ ಮುಚ್ಕೊಂಡು ಬೆಸಿ."

ಅವನು ಮೋಟಾರಿನ ತಂತಿಯಲ್ಲೇ ಬೆಸೆದ. ಆ ತಂತಿಗೆ ಬಣ್ಣದ ಲೇಪ ಇರುತ್ತದೆ, ಕೆರೆಯದೆ ಕರೆಂಟು ಹರಿಯುವುದಿಲ್ಲ. ದಿನಾ ಅದರಲ್ಲೇ ಮುಳುಗಿರುವ ಮನುಷ್ಯ, ಇಷ್ಟು ಸಣ್ಣ ಕೆಲಸಕ್ಕೆ ಯಾಕೆಂದು ಕೆರೆದಿರಲಿಲ್ಲ. ಮೌಸಿನ ದೀಪವೇ ಹತ್ತಲಿಲ್ಲ. ಇಬ್ಬರೂ ಕೂತು ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆವು. ಕೊನೆಗೆ ಅವನೇ ತಲೆ ಚಚ್ಚಿಕೊಂಡು ಕೆರೆದು ಬೆಸೆದ. ದೀಪ ಹತ್ತಿತು, ಬಾಣ ಕದಲಿತು. ಆದರೆ ಬಲಕ್ಕೆ ಮಾತ್ರ. ಎಡಕ್ಕೆ ಎಳೆದರೆ ಇನ್ನೂ ಜೋರಾಗಿ ಬಲಕ್ಕೆ ಹಾರಿ ಪರದೆಯ ಅಂಚಿಗೆ ಅಂಟಿಕೊಳ್ಳುತ್ತಿತ್ತು.

"ಐನೋರ್ ಮಗ್ಳು ಮಾಡಿದ್ದಲ್ವಾ!" ಪುಟ್ಟಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಪ್ರದಕ್ಸಿಣೆ ಬತ್ತಾ ಅದೆ. ಎಡಕ್ಕೆಂಗ್ ತಿರುಗಾತದೆ?"

ಈ ಸಲದ ತಪ್ಪು ನನ್ನದೇ. ಎಡಕ್ಕೆ ಹೋಗುವುದನ್ನು ಮೌಸು ಸೊನ್ನೆಗಿಂತ ಕಡಿಮೆಯ ಸಂಖ್ಯೆಯಾಗಿ ಹೇಳುತ್ತದೆ. ನಾನು ಕಡಿಮೆಯ ಗುರುತನ್ನು ಓದುವುದನ್ನು ಮರೆತಿದ್ದೆ. ಸ್ವಲ್ಪ ಎಡಕ್ಕೆ ಎಂದದ್ದು ಬಹಳ ದೂರ ಬಲಕ್ಕೆ ಎಂದು ಕೇಳಿಸುತ್ತಿತ್ತು. ಸರಿ ಮಾಡಿದೆ. ಸರಿ ಮಾಡಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ನಡುಕವನ್ನು ಅಮುಕೋಣವೆಂದು ಎಲ್ಲ ಚಲನೆಯನ್ನೂ ಬಿಗಿ ಮಾಡಿದೆ. ನಡುಕ ನಿಂತಿತು, ಜೊತೆಗೆ ಅಕ್ಷರವೂ ಸತ್ತಿತು. ಸುತ್ತು ತಿರುಗಬೇಕಾದಲ್ಲಿ ಬಾಣ ಸೋಮಾರಿಯಂತೆ ಅಡ್ಡದಾರಿ ಹಿಡಿಯುತ್ತಿತ್ತು. ಕೊಕ್ಕರೆಯ ಕತ್ತು ಪೈಪಿನ ಹಾಗಾಯಿತು. ಕೌಂಟರಿನ ಫೋನು ಬಾರಿಸಿದಾಗಲೆಲ್ಲ ನನ್ನನ್ನೇ ಕರೆದಂತಾಗುತ್ತಿತ್ತು. ಹೆದರಿಕೆಯಾಯಿತು, ಯಾಕೆ ಸುಳ್ಳು ಹೇಳಲಿ.

ಒಂದು ಸಂಜೆ ಅರ್ಧ ಲೋಟ ಕಾಫಿ ಹಿಡಿದು ಕೂತಿದ್ದೆ. ಕಾಫಿ ಓಲಾಡುತ್ತಿತ್ತು. ನೋಡುತ್ತಾ ಹೋದರೆ ಅದಕ್ಕೊಂದು ಲಯವಿತ್ತು. ಮನಸ್ಸಿಗೆ ಬಂದ ಹಾಗಲ್ಲ, ಒಂದೇ ತಾಳದಲ್ಲಿ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಅಪ್ಪನ ಉದ್ಧರಣೆಯದೇ ತಾಳ. ನಮ್ಮೂರಿನವರು ಅಪ್ಪನ ಕೈಯನ್ನು ಹಿಡಿದು ನಿಲ್ಲಿಸಿದ್ದರೇ? ಇಲ್ಲ. ತಮ್ಮ ಅಂಗೈಯನ್ನು ಆ ತಾಳಕ್ಕೆ ಆಡಿಸಿದ್ದರು, ಅಷ್ಟೇ. ಲೋಟವನ್ನು ಅಲ್ಲೇ ಕುಕ್ಕಿ ಎದ್ದೆ.

ಬಿಗಿಯನ್ನೆಲ್ಲ ಕಿತ್ತುಹಾಕಿ ಡಬ್ಬಿಗೆ ಹೊಸ ಪಾಠ ಹೇಳಿದೆ. ನನ್ನ ಕೈಯ ತಾಳವನ್ನು ಕೇಳು, ಆ ತಾಳದ ಓಲಾಟವನ್ನಷ್ಟೇ ಕಳೆ, ಉಳಿದದ್ದರ ತಂಟೆಗೆ ಹೋಗಬೇಡ. ನಾನು ನಿಧಾನವಾಗಿ ಎಳೆಯುವವಳು, ಡಬ್ಬಿಗೆ ನನ್ನ ಮೇಲೆ ದೂರಿಲ್ಲ. ಸರಕ್ಕನೆ ಎಳೆದು ನಿಲ್ಲಿಸುವವರನ್ನು ಮಾತ್ರ ಅದಕ್ಕೆ ಕಂಡರಾಗದು. ಕೈ ನಿಂತಮೇಲೂ ಅದು ಕೊಂಚ ಹೊತ್ತು ನನ್ನ ತಾಳವನ್ನೇ ಹಾಕುತ್ತಿರುತ್ತದೆ. ಹಾಕಿಕೊಳ್ಳಲಿ ಎಂದು ಬಿಟ್ಟೆ. ಪುಟ್ಟಸ್ವಾಮಿ ಎಲ್ಲವನ್ನೂ ಸೋಪಿನ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ.

ಚಿಕ್ಕತಾಯಮ್ಮ ಬಂದ ದಿನ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಶಿವಣ್ಣನವರು ಹಿಂದೆ ಬಂದು ನಿಂತರು, ಪುಟ್ಟಸ್ವಾಮಿ ಬಾಗಿಲಲ್ಲಿ. ರೆಕ್ಕೆ, ಕಾಲು, ಮರದ ಕೊಂಬೆ ಎಲ್ಲ ಬರೆದೆ. ಕತ್ತನ್ನು ಕೊನೆಗಿಟ್ಟುಕೊಂಡಿದ್ದೆ. ಅದು ಒಂದೇ ಎಳೆತದ್ದು: ಕೊಕ್ಕಿನ ಬುಡದಿಂದ ಬೋಳುತಲೆಯ ಮೇಲೆ ಹತ್ತಿ, ಹಿಂದಕ್ಕೆ ಬಾಗಿ, ಮತ್ತೆ ಮುಂದಕ್ಕೆ ಬಳುಕಿ ಎದೆಗೆ ಇಳಿಯಬೇಕು. ನಡುವೆ ತಡೆದರೆ ಗಂಟು ಬೀಳುತ್ತದೆ. ಮೌಸು ಹಿಡಿದೆ. ಎಲ್ಲರ ಕಣ್ಣೂ ನನ್ನ ಕೈಮೇಲಿತ್ತು, ಕೈ ಎಂದೂ ಇಲ್ಲದಷ್ಟು ನಡುಗಿತು. ಬಳೆಗಳು ಮೇಜಿಗೆ ಬಡಿದು ಸದ್ದಾಗುತ್ತಿತ್ತು. ನಡುಗು, ಎಷ್ಟು ಬೇಕಾದರೂ ನಡುಗು ಎಂದುಕೊಂಡು ಎಳೆದೆ.

"ಅರೆ ಇವ್ಳ!" ಅಜ್ಜಿ ನನ್ನ ಕೈ ನೋಡಿದರು, ಪರದೆ ನೋಡಿದರು, ಮತ್ತೆ ಕೈ ನೋಡಿದರು. "ಕೈ ಇಂಗ್ ಕುಣೀತದೆ, ಕೊಕ್ಕರೆ ಕತ್ತು ಅಂಗ್ ನುಣ್ಗೆ ಬಂದದೆ! ಏನವ್ವ ಇದು ಮಾಯ?"

"ಹಾಗೇ ಕಣಜ್ಜಿ ಅದು. ಕೊಕ್ಕರೆ ನಿಮ್ಮೂರಿಂದು ಹೌದೋ ಅಲ್ಲವೋ ಹೇಳಿ."

"ನಮ್ಮನೆ ಉಣಸೆಮರದ್ದೇ ಕಣವ್ವ. ಕೂಗದೊಂದ್ ಬಾಕಿ."

ನಾನು ಹಿಂದೆ ತಿರುಗಿ ನೋಡಲಿಲ್ಲ. ಶಿವಣ್ಣನವರು ಗಂಟಲು ಸರಿಮಾಡಿಕೊಂಡು ಕೌಂಟರಿನ ಕಡೆ ಹೋದದ್ದು ಮಾತ್ರ ಕೇಳಿಸಿತು. ಫೋನು ಬಾರಿಸುತ್ತಿತ್ತು, ಅವರೇ ಎತ್ತಿದರು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮೊನ್ನೆ ನಡೆದದ್ದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನಾನು ಪುಟ್ಟಸ್ವಾಮಿಯ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾಗ ಯಾರೋ ನಾಮಕರಣದ ಕಾರ್ಡಿಗೆ ಅವಸರ ಮಾಡಿದ್ದಾರೆ. ಮಗುವಿನ ಹೆಸರು ಕೊಂಚ ಪಕ್ಕಕ್ಕೆ ಸರಿಯಬೇಕಿತ್ತಂತೆ. ಇಷ್ಟು ತಾನೇ ಎಂದು ಶಿವಣ್ಣನವರು ನನ್ನ ಕುರ್ಚಿಯಲ್ಲಿ ಕೂತು, ತಮ್ಮ ಎಂದಿನ ಅವಸರದಲ್ಲಿ ಮೌಸನ್ನು ಸರಕ್ಕನೆ ಎಳೆದಿದ್ದಾರೆ. ನಾನು ಬರುವ ಹೊತ್ತಿಗೆ ಅವರ ಕೈ ಕಲ್ಲಿನ ಹಾಗೆ ನಿಂತಿತ್ತು, ಪರದೆಯ ಮೇಲಿನ ಬಾಣ ಗಡಗಡ ನಡುಗುತ್ತಿತ್ತು. ಮಗುವಿನ ಹೆಸರು ಕಾರ್ಡಿನ ಮೂಲೆಯಲ್ಲಿ ಸೊಟ್ಟಗೆ ಬಿದ್ದಿತ್ತು. ಅವರು ಬಿಟ್ಟು ಬಿಟ್ಟು ಹಿಡಿದರು, ಸಿಟ್ಟಿಗೆ ಇನ್ನೂ ಜೋರಾಗಿ ಎಳೆದರು. ಅದೂ ಇನ್ನೂ ಜೋರಾಗಿ ನಡುಗಿತು. ಅಪ್ಪನ ತಾಳ ಅದು, ನನಗೆ ಗುರುತು ಹತ್ತದೇ ಇದ್ದೀತೇ?

"ಏನ್ ಮೇಡಂ ಇದು," ಎಂದರು ಬೆವರು ಒರೆಸಿಕೊಳ್ಳುತ್ತಾ.

ನಾನು ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು, ದನಿ ಇಳಿಸಿದೆ.

"ಶಿವಣ್ಣನವರೇ, ಯಾಕೋ ಕೈ ನಡುಗ್ತದಲ್ಲ. ಸ್ವಲ್ಪ ದಿನ ರೆಸ್ಟ್ ಕೊಡಿ."

ಅವರು ಸೋಪಿನ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು, ಎದ್ದು ಕುರ್ಚಿ ಬಿಟ್ಟುಕೊಟ್ಟರು. ನಾನು ನಡುಗುವ ಕೈಯನ್ನು ಮೌಸಿನ ಮೇಲಿಟ್ಟು, ಅವರು ಕೆಡಿಸಿದ್ದನ್ನು ಸರಿಮಾಡಿದೆ.